ಇಡೀ ಮಾತ್ರೆ

ಸರ್ಕಾರದ ಔಷಧ ಯೋಜನೆಯ ಎರಡನೆಯ ವರ್ಷ ಔಷಧಿ ಅಂಗಡಿಗಳು ಥೈರಾಯ್ಡ್ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಮಾರುವುದನ್ನು ನಿಲ್ಲಿಸಿದವು. ಮಾರಬೇಕಾದ ಅಗತ್ಯವಿಲ್ಲ ಎಂದು ಆದೇಶದಲ್ಲಿತ್ತು. ಮಾತ್ರೆ ಬೇಕಾದವರ ಮನೆಯಲ್ಲೇ ಮಾತ್ರೆ ತಯಾರಾಗುತ್ತಿತ್ತು.

ಮಿಕ್ಸಿಯಷ್ಟು ಎತ್ತರದ ಬಿಳಿ ಯಂತ್ರ ಅದು. ಹೆಸರು ದಿನಮಾತ್ರೆ. ಒಳಗೆ ಔಷಧದ ಪುಡಿ ತುಂಬಿದ ಎರಡು ಕೊಳವೆ, ಪುಡಿಯನ್ನು ಒತ್ತಿ ಮಾತ್ರೆ ಮಾಡುವ ಒಂದು ಅಚ್ಚು. ರೋಗಿಯ ತೋಳಿಗೆ ಅಂಟಿಸಿದ ಬಿಲ್ಲೆಯೊಂದು ಸಕ್ಕರೆಯನ್ನು ಹಗಲೂ ರಾತ್ರಿಯೂ ಅಳೆದು ಯಂತ್ರಕ್ಕೆ ತಿಳಿಸುತ್ತಿತ್ತು. ಥೈರಾಯ್ಡಿಗೆ ಮಾತ್ರ ಆರು ವಾರಕ್ಕೊಮ್ಮೆ ಬೆರಳ ತುದಿಯಿಂದ ಒಂದು ಹನಿ ರಕ್ತ ಕೊಡಬೇಕಾಗಿತ್ತು. ಎರಡೂ ಅಂಕಿಗಳು ಹುಬ್ಬಳ್ಳಿಯ ಪ್ರಮಾಣ ಕೇಂದ್ರಕ್ಕೆ ಹೋಗುತ್ತಿದ್ದವು. ಅಲ್ಲಿಂದ ಬಂದ ಅಪ್ಪಣೆಯಂತೆ ಯಂತ್ರ ದಿನಾ ಬೆಳಗ್ಗೆ ಒಂದು ಮಾತ್ರೆ ಉದುರಿಸುತ್ತಿತ್ತು. ಉದ್ದನೆಯ ಮಾತ್ರೆ. ಒಂದು ತುದಿ ಹಳದಿ, ಅದು ಸಕ್ಕರೆಗೆ. ಇನ್ನೊಂದು ತುದಿ ಬಿಳಿ, ಅದು ಥೈರಾಯ್ಡಿಗೆ. ಒಂದೇ ಕಾಯಿಲೆ ಇದ್ದವರಿಗೆ ಒಂದೇ ಬಣ್ಣ.

ಬೆಟಗೇರಿಯ ಸರ್ಕಾರಿ ಶಾಲೆಯೊಂದರ ಬಿಸಿಯೂಟದ ಅಡುಗೆಯವರಾದ ಫಕ್ಕೀರವ್ವ ಮತ್ತು ಮಾಬೂಬಿ ಒಂದೇ ದಿನ, ಒಂದೇ ಸಾಲಿನಲ್ಲಿ ನಿಂತು ಹೆಸರು ಬರೆಸಲು ಹೋಗಿದ್ದರು. ಫಕ್ಕೀರವ್ವನಿಗೆ ಐವತ್ತೇಳು, ಥೈರಾಯ್ಡೂ ಇತ್ತು, ಸಕ್ಕರೆಯೂ ಇತ್ತು. ಮಾಬೂಬಿಗೆ ನಲವತ್ತೆಂಟು, ಥೈರಾಯ್ಡ್ ಮಾತ್ರ. ಒಂಬತ್ತು ವರ್ಷದಿಂದ ಮಾಬೂಬಿ ನೂರು ಮೈಕ್ರೋಗ್ರಾಮಿನ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಿ, ಗಡಿಯಾರ ನೋಡಿಕೊಂಡು ಒಂದು ಗಂಟೆ ಚಹಾ ಮುಟ್ಟದೆ ಕೂರುತ್ತಿದ್ದಳು. ಹೆಸರು ಬರೆಸಲು ಹೋದ ದಿನವೂ ನುಂಗಿಯೇ ಹೋಗಿದ್ದಳು. ಫಕ್ಕೀರವ್ವ ವಾರದಲ್ಲಿ ಮೂರು ದಿನ ಮರೆಯುತ್ತಿದ್ದಳು.

ಹೆಸರು ಬರೆಸುವ ಶಿಬಿರದಲ್ಲಿ ರಕ್ತ ನೋಡಿದರು. ಥೈರಾಯ್ಡ್ ಗ್ರಂಥಿ ಸೋತಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅದನ್ನು ಎಬ್ಬಿಸಲು ಟಿಎಸ್‌ಎಚ್ ಎಂಬ ರಸವನ್ನು ಹೆಚ್ಚು ಹೆಚ್ಚು ಸುರಿಸುತ್ತದೆ. ಅಂಕಿ ದೊಡ್ಡದಾದಷ್ಟೂ ಕಾಯಿಲೆ ದೊಡ್ಡದು. ಹತ್ತು ದಾಟಿದರೆ ಯಂತ್ರ ಕೊಡಬೇಕೆಂದು ನಿಯಮ. ಫಕ್ಕೀರವ್ವನದು ಹತ್ತೊಂಬತ್ತು ಬಂತು. ಮಾಬೂಬಿಯದು ಎರಡೂವರೆ.

"ನಿಮಗ ಥೈರಾಯ್ಡ್ ಇಲ್ರಿ," ಎಂದ ಶಿಬಿರದ ತಂತ್ರಜ್ಞ.

"ಅಯ್ಯ, ಗುಳಿಗಿ ತಗೊಂಡೀನಲ್ರಿ, ಅದಕ್ಕ ಇಲ್ಲ."

"ಅದನ್ನೇನ್ ಪರದೆ ಕೇಳಂಗಿಲ್ರಿ. ಹತ್ತರ ಒಳಗದೀರಿ. ಎರಡು ವರ್ಷ ಬಿಟ್ಟು ಬರ್ರಿ."

ತಿಂಗಳೊಳಗೆ ಅಂಚೆಯಲ್ಲಿ ಅಭಿನಂದನಾ ಪತ್ರ ಬಂತು. 'ಯೋಜನೆಯ ಮೂಲಕ ಗುಣಮುಖರಾದ ಶ್ರೀಮತಿ ಮಾಬೂಬಿ ಅವರಿಗೆ' ಎಂದು ಅದರಲ್ಲಿತ್ತು. ಹೆಡ್‌ಮಾಸ್ತರರು ಅದನ್ನು ಅಡುಗೆ ಕೋಣೆಯ ಗೋಡೆಗೆ ಅಂಟಿಸಿದರು. ಮನೆಯಲ್ಲಿದ್ದ ಮಾತ್ರೆ ಮುಗಿದ ಎರಡು ತಿಂಗಳಲ್ಲಿ ಮಾಬೂಬಿಯ ಮುಖ ಬಾತುಕೊಂಡಿತು. ದನಿ ಒಡೆಯಿತು. ಗದುಗಿನ ಬಿಸಿಲಲ್ಲೂ ಸ್ವೆಟರ್ ಹಾಕಿಕೊಂಡು ಬಂದಳು. ತೊಂಬತ್ತಾರು ಮಕ್ಕಳ ಅನ್ನ ಬಸಿಯುವಾಗ ಬೋಗುಣಿಯ ಅಂಚು ಹಿಡಿದುಕೊಂಡೇ ತೂಕಡಿಸಿದಳು. ಗಂಜಿ ಕಾಲ ಮೇಲೆ ಚೆಲ್ಲಿತು.

"ಮಕ್ಕಳ ಮ್ಯಾಲ ಚೆಲ್ಲಿದ್ರ ಏನ್ ಗತಿ?" ಎಂದರು ಹೆಡ್‌ಮಾಸ್ತರರು. "ಆಗದಿದ್ರ ಹೇಳ್ರಿ, ಬ್ಯಾರೆಯವರನ್ನ ನೋಡ್ತೀನಿ."

ಮರುದಿನ ಫಕ್ಕೀರವ್ವ ತನ್ನ ಮಾತ್ರೆಯನ್ನು ಮನೆಯಲ್ಲಿ ನುಂಗಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಶಾಲೆಗೆ ತಂದಳು. ಎಲೆ ಅಡಿಕೆಯ ಚೀಲದಿಂದ ಅಡಕತ್ತರಿ ತೆಗೆದು, ಮೊದಲು ಹಳದಿ ತುದಿಯನ್ನು ಬೇರೆ ಮಾಡಿದಳು. ಆಮೇಲೆ ಬಿಳಿಯದನ್ನು ಸರಿಯಾಗಿ ನಡುವೆ ಕತ್ತರಿಸಿದಳು.

"ಬಾಯಿ ತಗಿ."

"ಯಕ್ಕಾ, ನಿನಗ ಕಮ್ಮಿ ಆಕ್ಕೈತಲ್ಲ."

"ನಾ ಮೊದಲ ಮರತ ಮರತ ತಗೊಂಡಾಕಿ. ಅರ್ಧದಾಗ ಇದ್ದು ರೂಢಿ ಐತಿ. ತಗೀಯೋ ಇಲ್ಲೋ? ಚೂರು ಬಿದ್ರ ಇರಿವಿ ತಿಂದು ಅದಕ್ಕ ಥೈರಾಯ್ಡ್ ವಾಸಿ ಆಕ್ಕೈತಿ."

ಆರು ವಾರಕ್ಕೆ ಫಕ್ಕೀರವ್ವನ ಅಂಕಿ ನೋಡಿದ ಯಂತ್ರ, ನೂರು ಸಾಲದು ಎಂದು ಬಿಳಿ ತುದಿಯನ್ನು ನೂರಾ ಇಪ್ಪತ್ತೈದಕ್ಕೆ ಏರಿಸಿತು. ಮುಂದಿನ ಆರು ವಾರಕ್ಕೆ ನೂರೈವತ್ತು. ಆಮೇಲೆ ನೂರಾ ಎಪ್ಪತ್ತೈದು. ಇಪ್ಪತ್ತನಾಲ್ಕನೆಯ ವಾರಕ್ಕೆ ಇನ್ನೂರು. ಅಲ್ಲಿಗೆ ಅರ್ಧವೆಂದರೆ ನೂರು. ಇಬ್ಬರಿಗೂ ಬೇಕಾದಷ್ಟು. ಮಾಬೂಬಿ ಸ್ವೆಟರ್ ಬಿಟ್ಟಳು. ಬೆಳಗ್ಗೆ ಎಂಟಕ್ಕೆ ಅಡುಗೆ ಕೋಣೆಯ ಕದ ಮುಂದೆ ಮಾಡಿ, ಅಭಿನಂದನಾ ಪತ್ರದ ಕೆಳಗೆ ಕೂತು ಇಬ್ಬರೂ ತಲಾ ಅರ್ಧ ನುಂಗುವರು. ಒಲೆ ಹಚ್ಚಿ ಮಕ್ಕಳ ಹಾಲು ಕಾಯಿಸುವರು. ಒಂಬತ್ತಕ್ಕೆ ಚಹಾ.

"ಯಂತ್ರ ಶ್ಯಾಣ್ಯಾ ಐತಿ ಮಾಬೂ," ಎಂದಳು ಫಕ್ಕೀರವ್ವ. "ನೀ ಇರೂದು ಅದಕ್ಕೂ ಗೊತ್ತಾಗೇತಿ. ಪರದೆಗೆ ಹೇಳಿಲ್ಲ, ಅಷ್ಟ."

*

ಹುಬ್ಬಳ್ಳಿಯ ಪ್ರಮಾಣ ಕೇಂದ್ರದಲ್ಲಿ ಸಕ್ಕರೆಯ ಮೇಜು ಬೇರೆ, ಥೈರಾಯ್ಡ್ ಮೇಜು ಬೇರೆ. ನಡುವೆ ಎಂಟು ಅಡಿ ಅಂತರ, ಒಂದು ನೀರಿನ ಫಿಲ್ಟರ್. ಥೈರಾಯ್ಡ್ ಮೇಜಿನಲ್ಲಿ ಕೂರುತ್ತಿದ್ದ ಅನುಪಮಾ ಯಲಿಗಾರ ಬಿ.ಫಾರ್ಮಾ ಓದಿದವಳು. ಅವಳ ಪರದೆಯ ಮೇಲೆ ರೋಗಿಗಳಿಗೆ ಹೆಸರಿರಲಿಲ್ಲ, ಅಂಕಿ ಮಾತ್ರ. ಯಂತ್ರಗಳು ತಾವೇ ನಿಭಾಯಿಸಲಾಗದ ಪ್ರಕರಣಗಳು ಮಾತ್ರ ಅವಳ ಬಳಿ ಬರುತ್ತಿದ್ದವು. ಪರದೆಯ ಮೇಲ್ತುದಿಯಲ್ಲಿ ಕೆಂಪು ಅಕ್ಷರದಲ್ಲಿ ಬಾಕಿ ಪ್ರಕರಣಗಳ ಸಂಖ್ಯೆ ಕಾಣುತ್ತಿತ್ತು. ಶುಕ್ರವಾರ ಸಂಜೆ ಐದರೊಳಗೆ ಅದು ಸೊನ್ನೆಯಾಗಬೇಕು. ಆಗದವರ ಹೆಸರನ್ನು ಮೇಲ್ವಿಚಾರಕ ಡಾ. ಇಟಗಿ ಸೋಮವಾರದ ಸಭೆಯಲ್ಲಿ ಓದುತ್ತಿದ್ದರು.

ಆ ಶುಕ್ರವಾರ ನಾಲ್ಕೂ ಕಾಲಿಗೆ 4117 ಬಂತು. ಹೆಣ್ಣು, ಐವತ್ತೇಳು ವರ್ಷ, ಅರವತ್ತೊಂದು ಕಿಲೋ. ಟಿಎಸ್‌ಎಚ್ ಸರಿಯಿದೆ. ಆದರೆ ಪ್ರಮಾಣ ಇನ್ನೂರು. ಅಷ್ಟು ತೂಕದವರಿಗೆ ಸಾಧಾರಣವಾಗಿ ನೂರು ಸಾಕು. ಪರದೆ ಮೂರು ಗುಂಡಿ ತೋರಿಸಿತು. ಒಂದು, ಹೀರಿಕೆ ದೋಷ: ಹೊಟ್ಟೆ ಔಷಧವನ್ನು ಹೀರಿಕೊಳ್ಳುತ್ತಿಲ್ಲ. ಎರಡು, ಹೆಚ್ಚಿನ ಅಗತ್ಯ: ಈ ದೇಹಕ್ಕೆ ನಿಜವಾಗಿ ಅಷ್ಟು ಬೇಕು. ಮೂರು, ಮರುಪರಿಶೀಲನೆ ಬಾಕಿ. ಮೂರನೆಯದನ್ನು ಒತ್ತಿದರೆ ಪ್ರಕರಣ ಹನ್ನೆರಡು ವಾರ ಕೆಂಪು ಸಂಖ್ಯೆಯಲ್ಲಿ ಉಳಿಯುತ್ತದೆ.

ಅನುಪಮಾ ಪಟ್ಟಿಯ ಪ್ರಶ್ನೆಗಳನ್ನು ಕೇಳಲು ಫೋನ್ ಮಾಡಿದಳು. ಕೇಂದ್ರದ ಫೋನಿನಲ್ಲಿ ಆಡಿದ್ದೆಲ್ಲ ಧ್ವನಿಮುದ್ರಣವಾಗುತ್ತಿತ್ತು.

"ಪ್ರಮಾಣ ಕೇಂದ್ರದಿಂದ ಮಾತಾಡ್ತಿದೀನ್ರಿ. ಮಾತ್ರೆ ಖಾಲಿ ಹೊಟ್ಟಿಗೆ ತಗೋತೀರಿ?"

"ಹೂಂನ್ರೀ."

"ಆಮ್ಯಾಲೆ ಎಷ್ಟೊತ್ತಿಗೆ ಚಾ ಕುಡೀತೀರಿ?"

"ಒಂದು ತಾಸಿಗೆ. ಗಡಿಯಾರ ನೋಡಿನ."

"ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಏನರ?"

"ಇಲ್ರಿ."

"ಇಡೀ ಮಾತ್ರೆ ನುಂಗ್ತೀರಿ?"

ಆ ಕಡೆ ಯಾವುದೋ ಪಾತ್ರೆ ಕೆಳಗಿಟ್ಟ ಸದ್ದಾಯಿತು. "ಇಡೀದ ನುಂಗ್ತೀನ್ರಿ," ಎಂದು ನಕ್ಕಳು ಹೆಂಗಸು. "ಅರ್ಧಾ ಯಾರರ ನುಂಗ್ತಾರೇನು?"

ಆ ನಗುವಿನಲ್ಲಿ ಏನೋ ಇದೆ ಎಂದು ಅನುಪಮಾಗೆ ಅನಿಸದೆ ಇರಲಿಲ್ಲ. ಆದರೆ ಉತ್ತರ ಬರೆಯುವ ಜಾಗದಲ್ಲಿ ಹೌದು, ಇಲ್ಲ ಎಂಬ ಎರಡೇ ಚೌಕಗಳಿದ್ದವು. ಇಷ್ಟು ಶಿಸ್ತಿನ ರೋಗಿಗೆ ಹೀರಿಕೆ ದೋಷ ಎನ್ನಲು ಆಧಾರವಿರಲಿಲ್ಲ. ಕೆಂಪು ಸಂಖ್ಯೆ ಒಂದು ಎಂದು ತೋರಿಸುತ್ತಿತ್ತು. ಐದಕ್ಕೆ ಎಂಟು ನಿಮಿಷವಿತ್ತು. ಅವಳು ಎರಡನೆಯ ಗುಂಡಿ ಒತ್ತಿದಳು.

ಹೆಚ್ಚಿನ ಅಗತ್ಯದವರಿಗೆ ಮಾತ್ರೆಯಿಲ್ಲ. ತೋಳಿನ ಚರ್ಮದಡಿ ಒಂದು ಕಡ್ಡಿ. ಅಕ್ಕಿಕಾಳಿಗಿಂತ ತುಸು ದೊಡ್ಡದು. ಅದರೊಳಗೆ ಆರು ತಿಂಗಳ ಔಷಧ, ದಿನಕ್ಕಿಷ್ಟೇ ಎಂದು ಸ್ರವಿಸುತ್ತದೆ. ಹೊಟ್ಟೆಯ ಮೂಲಕ ಹೋದರೆ ಔಷಧದ ಕಾಲು ಭಾಗ ನಷ್ಟವಾಗುತ್ತದೆ, ಚರ್ಮದಡಿ ಆಗುವುದಿಲ್ಲ. ಆದ್ದರಿಂದ ಇನ್ನೂರನ್ನು ನೂರೈವತ್ತಕ್ಕೆ ಇಳಿಸಿ ಅನುಪಮಾ ಸಹಿ ಮಾಡಿದಳು. ಗಣಿತದಲ್ಲಿ ತಪ್ಪಿರಲಿಲ್ಲ. ನಿಜವಾಗಿ ಫಕ್ಕೀರವ್ವ ನುಂಗುತ್ತಿದ್ದದ್ದು ಅರ್ಧ, ನೂರು; ಕಡ್ಡಿಯಲ್ಲಿ ಅವಳ ದೇಹಕ್ಕೆ ಬೇಕಾಗಿದ್ದದ್ದು ಎಪ್ಪತ್ತೈದು.

*

ನರ್ಸ್ ಮನೆಗೇ ಬಂದಳು. ಕಡ್ಡಿ ಬೇಡ, ಮಾತ್ರೆಯೇ ಇರಲಿ ಎಂದು ಫಕ್ಕೀರವ್ವ ಕೇಳಿದಳು. ಒಲ್ಲೆ ಎಂದರೆ ಯೋಜನೆಯಿಂದ ಹೆಸರು ಹೋಗುತ್ತದೆ, ಸಕ್ಕರೆಯ ಮಾತ್ರೆಯೂ ಹೋಗುತ್ತದೆ ಎಂದಳು ನರ್ಸ್. ಎರಡು ನಿಮಿಷದ ಕೆಲಸ. ಮರುದಿನದಿಂದ ಯಂತ್ರ ಹಳದಿ ಮಾತ್ರೆ ಮಾತ್ರ ಉದುರಿಸಿತು.

ಶಾಲೆಯಲ್ಲಿ ಫಕ್ಕೀರವ್ವ ಆ ಹಳದಿ ಮಾತ್ರೆಯನ್ನು ಅಂಗೈ ಮೇಲಿಟ್ಟು ತೋರಿಸಿದಳು. "ನಿಂದು ನನ್ನ ತೋಳಿನ್ಯಾಗ ಹೊಕ್ಕೊಂಡು ಕುಂತೈತಿ ನೋಡು. ಹೆಂಗ ಕೊಡ್ಲಿ?"

"ನಾ ಮೊದಲ ಹೆಂಗಿದ್ನೋ ಹಂಗ ಇರ್ತೀನಿ ಬಿಡಕ್ಕ," ಎಂದಳು ಮಾಬೂಬಿ.

ಮೂರನೆಯ ವಾರಕ್ಕೆ ಫಕ್ಕೀರವ್ವನ ಕೈ ನಡುಗತೊಡಗಿತು. ಬೆವರು. ಕೂತಲ್ಲೇ ಎದೆ ಡವಡವ. ನಾಲ್ಕು ಕಿಲೋ ಇಳಿದಳು. ಓಣಿಯ ಹೆಂಗಸರು "ಏನಕ್ಕ, ಮದಿವಿ ಹುಡಿಗಿ ಆಗೀದಿ! ನಮಗೂ ಹೇಳಿಕೊಡು" ಎಂದರು. ಥೈರಾಯ್ಡ್ ರಸ ಅತಿಯಾದರೆ ಸಕ್ಕರೆಯೂ ಏರುತ್ತದೆ. ತೋಳಿನ ಬಿಲ್ಲೆ ಅದನ್ನು ದಿನದಿನವೂ ಹುಬ್ಬಳ್ಳಿಗೆ ತಿಳಿಸುತ್ತಿತ್ತು. ಸಕ್ಕರೆಯ ಮೇಜಿನವರು ಹಳದಿ ಪ್ರಮಾಣ ಏರಿಸಿದರು. ಮೊಬೈಲಿಗೆ ಸಂದೇಶ ಕಳಿಸಿದರು: 'ಅನ್ನ ಮತ್ತು ಸಿಹಿ ಕಡಿಮೆ ಮಾಡಿ. ಸಂಯಮವೇ ಆರೋಗ್ಯ.' ಫಕ್ಕೀರವ್ವ ಅನ್ನ ಬಿಟ್ಟಳು. ಸಕ್ಕರೆ ಇಳಿಯಲಿಲ್ಲ. ಇನ್ನೊಂದು ಸಂದೇಶ ಬಂತು. ಥೈರಾಯ್ಡ್ ಮೇಜಿಗೆ ಇದಾವುದೂ ಗೊತ್ತಿರಲಿಲ್ಲ. ಟಿಎಸ್‌ಎಚ್ ನಿಧಾನವಾಗಿ ಬದಲಾಗುವ ಅಂಕಿ. ಆರು ವಾರಕ್ಕೆ ಮೊದಲು ಅದನ್ನು ನೋಡಿ ಫಲವಿಲ್ಲ.

ಮಾಬೂಬಿ ಮತ್ತೆ ಸ್ವೆಟರ್ ಹಾಕಿಕೊಂಡಳು. ಒಬ್ಬಳಿಗೆ ಚಳಿ, ಒಬ್ಬಳಿಗೆ ಸೆಕೆ. ಒಬ್ಬಳು ತೂಕಡಿಸುವಳು, ಒಬ್ಬಳಿಗೆ ಕೂರಲಾಗದು. ಸೌಟು ಫಕ್ಕೀರವ್ವನ ಕೈಯಲ್ಲಿ ಬೋಗುಣಿಯ ಅಂಚಿಗೆ ಬಡಿದು ಸದ್ದು ಮಾಡುತ್ತಿತ್ತು.

"ಅಕ್ಕ, ಫೋನ್ ಹಚ್ಚು. ಖರೇ ಹೇಳಿಬಿಡು. ಆ ಕಡ್ಡಿ ತಗಸು."

"ತಗೀರಿ ಅಂದ್ರ ಯಾಕ ಅಂತಾರ. ಏನಂತ ಹೇಳ್ಲಿ? ಇಷ್ಟು ತಿಂಗಳು ಸುಳ್ಳು ಹೇಳೀನಿ, ಸರ್ಕಾರದ ಔಷಧ ಬ್ಯಾರೆಯವರಿಗೆ ತಿನ್ನಿಸೀನಿ ಅಂತನಾ? ನನ್ನ ಹೆಸರೂ ಹೊಡೀತಾರ, ನಿನ್ನ ಹೆಸರು ಎಂದೂ ಬರೀದಂಗ ಮಾಡ್ತಾರ."

"ಮಾಡ್ಲಿ. ನಿನ್ನ ಎದಿ ನೋಡು, ಸೀರಿ ಮ್ಯಾಲಿಂದ ಕಾಣಸ್ತೈತಿ ಬಡಿಯೂದು."

"ಮೂವತ್ತು ದಿನ ಆತು. ಇನ್ನು ಹನ್ನೆರಡು ದಿನಕ್ಕ ರಕ್ತಾ ನೋಡ್ತಾರ. ಯಂತ್ರಕ್ಕ ತಾನ ಗೊತ್ತಾಕ್ಕೈತಿ, ಹೆಚ್ಚಾಗೇತಿ ಅಂತ ತಾನ ಹೇಳ್ತೈತಿ. ಆಗ ಕಡ್ಡಿ ತಗೀತಾರ, ಮತ್ತ ಗುಳಿಗಿ ಕೊಡ್ತಾರ. ಯಾರೂ ಯಾರನ್ನೂ ಕೇಳಂಗಿಲ್ಲ. ನಿನಗೂ ಬರ್ತೈತಿ. ಹನ್ನೆರಡು ದಿನ ತಡಿಯಾಕ ಆಗಂಗಿಲ್ಲೇನು?"

ಮಾಬೂಬಿ ತಾನೇ ಫೋನ್ ಮಾಡಲು ಎರಡು ಸಲ ಮೊಬೈಲ್ ಕೈಗೆತ್ತಿಕೊಂಡಳು. ಎರಡೂ ಸಲ ಫಕ್ಕೀರವ್ವ ಕಿತ್ತುಕೊಂಡು ಹಿಟ್ಟಿನ ಡಬ್ಬಿಯೊಳಗಿಟ್ಟಳು.

ಮೂವತ್ತೇಳನೆಯ ದಿನ ಬೆಳಗ್ಗೆ ಹಾಲು ಕಾಯಿಸುತ್ತಿದ್ದ ಫಕ್ಕೀರವ್ವ ಬಲಗೈಯಿಂದ ಸೌಟು ಬಿಟ್ಟಳು. ಬಗ್ಗಿ ಎತ್ತಿಕೊಳ್ಳಲು ಹೋದವಳು ಮೇಲೇಳಲಿಲ್ಲ. ಹೃದಯ ತಾಳ ತಪ್ಪಿ ಬಡಿದು, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗಿತ್ತು ಎಂದು ಆಸ್ಪತ್ರೆಯವರು ಬರೆದರು. ಮೂರನೆಯ ದಿನ ತೀರಿಕೊಂಡಳು. ರಕ್ತ ಪರೀಕ್ಷೆಗೆ ಇನ್ನೂ ಎರಡು ದಿನವಿತ್ತು.

*

ಯೋಜನೆಯಲ್ಲಿ ಸಾವಾದರೆ ಸಹಿ ಮಾಡಿದವರೇ ಹೋಗಿ ವಿಚಾರಿಸಿ ಬರಬೇಕು. ಅದಕ್ಕಾಗಿ ಬಂದ ಪತ್ರದಲ್ಲಿ ಮೊದಲ ಬಾರಿಗೆ 4117ರ ಪಕ್ಕ ಹೆಸರಿತ್ತು. ಅನುಪಮಾ ಫಕ್ಕೀರವ್ವನ ಮನೆಗೆ ಹೋದಳು. ಅತ್ತೆ ಮಾತ್ರೆಯನ್ನು ಮನೆಯಲ್ಲಿ ನುಂಗುತ್ತಿರಲಿಲ್ಲ, ಶಾಲೆಗೆ ಒಯ್ಯುತ್ತಿದ್ದಳು ಎಂದಳು ಸೊಸೆ. ಅನುಪಮಾ ಶಾಲೆಗೆ ಹೋದಳು.

ಅಡುಗೆ ಕೋಣೆಯಲ್ಲಿ ಬಾತ ಮುಖದ ಹೆಂಗಸೊಬ್ಬಳು ಮೂಲಂಗಿ ಹೆಚ್ಚುತ್ತಿದ್ದಳು. ಒಂದೊಂದು ಹೋಳಿಗೂ ನಡುವೆ ಕೈ ನಿಲ್ಲುತ್ತಿತ್ತು. ಹುಬ್ಬಿನ ಹೊರತುದಿಯ ಕೂದಲು ಉದುರಿತ್ತು. ಅನುಪಮಾ ಕಾಲೇಜಿನಲ್ಲಿ ಓದಿದ್ದ ಚಿತ್ರವೇ ಅದು. ಅವಳ ತಲೆಯ ಮೇಲೆ ಗೋಡೆಯಲ್ಲಿ ಅಭಿನಂದನಾ ಪತ್ರವಿತ್ತು. ಅನುಪಮಾ ತಾನು ಪ್ರಮಾಣ ಕೇಂದ್ರದವಳು ಎಂದಳು.

"ನೀವ ಏನ್ರಿ ಫೋನ್ ಮಾಡಿದ್ದು? ಇಡೀ ಮಾತ್ರೆ ನುಂಗ್ತೀರಿ ಅಂತ ಕೇಳಿದ್ದು?"

"ಹೌದ್ರಿ."

"ನಾ ಬಾಜೂಕ ಕುಂತಿದ್ದೆ. ಇಡೀದು ಅಂತ ಹೇಳಕ್ಕ ಅಂತ ಕೈ ಸನ್ನಿ ಮಾಡಿದಾಕಿ ನಾನ." ಒಡಕು ದನಿಯಲ್ಲಿ ಮಾಬೂಬಿ ಎಲ್ಲವನ್ನೂ ಹೇಳಿದಳು. ಅಡಕತ್ತರಿಯನ್ನೂ ತೋರಿಸಿದಳು. "ನೀವು ಇನ್ನೊಂದು ಸಲ ಕೇಳಿದ್ರ ಹೇಳಿಬಿಡ್ತಿದ್ಲು ಅನಸ್ತೈತ್ರಿ. ಆಕಿಗೆ ಸುಳ್ಳು ಒಗ್ಗತಿರಲಿಲ್ಲ. ನೀವು ಒಂದ ಸಲ ಕೇಳಿ ಇಟ್ರಿ."

ಅನುಪಮಾ ಚೀಲದಲ್ಲಿದ್ದ ಪರೀಕ್ಷೆಯ ಪಟ್ಟಿ ತೆಗೆದು ಮಾಬೂಬಿಯ ಬೆರಳಿನಿಂದ ರಕ್ತ ತೆಗೆದಳು. ಟಿಎಸ್‌ಎಚ್ ಎಪ್ಪತ್ತೊಂದು ಬಂತು.

"ಈಗ ಕೊಡ್ತಾರೇನ್ರಿ?" ಎಂದಳು ಮಾಬೂಬಿ.

ಹುಬ್ಬಳ್ಳಿಯಲ್ಲಿ ಡಾ. ಇಟಗಿ ಆರು ಪುಟದ ವರದಿಯನ್ನು ಪೂರ್ತಿ ಓದಿದರು. ಓದದೆ ಮಾತಾಡುವವರಲ್ಲ ಅವರು. "ಮಾತ್ರೆ ತಗೊಂಡು ಬಂದವರನ್ನ ಗುಣಮುಖ ಅಂತ ಬರಕೊಂಡೀವಿ ಅಂತೀರಿ. ಎಲ್ಲಾರನ್ನೂ ಮಾತ್ರೆ ಬಿಡಿಸಿ ಮತ್ತ ನೋಡಬೇಕು ಅಂತೀರಿ."

"ಹೌದ್ ಸರ್. ಹನ್ನೊಂದು ಸಾವಿರದ ನಾಕನೂರು ಮಂದಿ ಅದಾರ."

"ಆ ಹನ್ನೊಂದು ಸಾವಿರದ ನಾಕನೂರು ವಾರ್ಷಿಕ ವರದಿಯ ಮೊದಲನೇ ಪುಟದಾಗ ಐತಿ. ಬೆಂಗಳೂರಿಗೆ ಹೋಗಿ ಅಚ್ಚಾಗೇತಿ. ಮೂರು ರಾಜ್ಯದವರು ನೋಡಿ ಹೋಗ್ಯಾರ." ಅವರು ಕನ್ನಡಕ ತೆಗೆದು ಒರೆಸಿದರು. "ಆ ಹೆಣ್ಣಮಗಳಿಗೆ ಯಂತ್ರ ಕೊಡೋಣು. ಐವತ್ತರ ಮ್ಯಾಲಿದ್ರ ತುರ್ತು ಕಲಮು ಐತಿ. ಆದರ ಹೊಸ ರೋಗಿ ಅಂತ ಬರೀರಿ. ಗುಣ ಆದಾಕಿ ಮತ್ತ ರೋಗಿ ಹೆಂಗ ಆಗ್ತಾಳ?"

"ಮತ್ತ ಫಕ್ಕೀರವ್ವಂದು, ಸರ್?"

"ಕರೆ ಧ್ವನಿಮುದ್ರಣ ಐತಲ್ಲ. ಇಡೀದ ನುಂಗ್ತೀನಿ ಅಂದಾಳ. ರೋಗಿಯಿಂದ ತಪ್ಪು ಮಾಹಿತಿ. ನಿಮ್ಮ ಸಹಿಗೆ ಏನೂ ಆಗಂಗಿಲ್ಲ, ಅಂಜಬ್ಯಾಡ್ರಿ."

ಅನುಪಮಾ ಅಂಜಿರಲಿಲ್ಲ. ಅಂಜಬೇಡಿ ಎಂದಾಗ ತನಗೆ ಸಮಾಧಾನವಾದದ್ದು ಮಾತ್ರ ಅವಳಿಗೆ ಬಹಳ ದಿನ ಮರೆತುಹೋಗಲಿಲ್ಲ.

ಮಾಬೂಬಿಗೆ ಬಂದದ್ದು ಫಕ್ಕೀರವ್ವನ ಯಂತ್ರವೇ. ಸತ್ತವರ ಯಂತ್ರವನ್ನು ತೊಳೆದು ಮುಂದಿನವರಿಗೆ ಕೊಡುವುದು ಪದ್ಧತಿ. ಹಳದಿ ಕೊಳವೆ ತೆಗೆದು ಬಾಯಿಗೆ ಬಿರಡೆ ಹಾಕಿದ್ದರು. ಹೊಸ ಅಂಕಿ 9032.

*

ಎಂಟು ತಿಂಗಳ ಮೇಲೆ ಒಂದು ಶುಕ್ರವಾರ 9032 ಅನುಪಮಾಳ ಪರದೆಗೆ ಬಂತು. ನೂರು, ನೂರಾ ಇಪ್ಪತ್ತೈದು, ನೂರೈವತ್ತು, ನೂರಾ ಎಪ್ಪತ್ತೈದು, ಇನ್ನೂರು. ಅದೇ ಮೆಟ್ಟಿಲು. ಒಂದು ವ್ಯತ್ಯಾಸವಿತ್ತು: ಫಕ್ಕೀರವ್ವನ ಟಿಎಸ್‌ಎಚ್ ಇನ್ನೂರಕ್ಕೆ ಸರಿಯಾಗಿತ್ತು. ಇದು ಇನ್ನೂ ಹದಿನಾಲ್ಕರಲ್ಲಿತ್ತು.

ಅವಳು ಕೇಂದ್ರದ ಫೋನ್ ಮುಟ್ಟಲಿಲ್ಲ. ಊಟದ ಬಿಡುವಿನಲ್ಲಿ ಹೊರಗೆ ಬಂದು, ಸೈಕಲ್ ಸ್ಟ್ಯಾಂಡಿನ ಪಕ್ಕ ನಿಂತು ತನ್ನ ಮೊಬೈಲಿನಿಂದ ಮಾಡಿದಳು. ಆ ಕಡೆ ಮಕ್ಕಳ ಗದ್ದಲ, ತಟ್ಟೆಗಳ ಸದ್ದು.

"ಮಾಬೂಬಿ ಅವರ, ನಾನು ಅನುಪಮಾ. ಇಡೀ ಮಾತ್ರೆ ನುಂಗ್ತೀರಿ?"

"ಹೂಂನ್ರೀ. ಇಡೀದ."

"ಇನ್ನೊಂದು ಸಲ ಕೇಳ್ತೀನ್ರಿ."

ಗದ್ದಲ ದೂರವಾಯಿತು. ಕದ ಮುಂದೆ ಮಾಡಿದ ಸದ್ದು ಕೇಳಿಸಿತು.

"ಬರಕೊಳ್ಳಾಕತ್ತೀರೇನ್ರಿ?"

"ಇಲ್ರಿ. ಬರಿಯಾಕ ನಮ್ಮಲ್ಲಿ ಜಾಗಾನ ಇಲ್ಲ."

ಮಾಬೂಬಿಯ ದನಿ ಇನ್ನೂ ಪೂರ್ತಿ ತಿಳಿಯಾಗಿಲ್ಲವೆಂದು ಅನುಪಮಾ ಗಮನಿಸಿದಳು.

"ನಮ್ಮ ಅಂಗನವಾಡಿ ಆಯಾಗೂ ಅಭಿನಂದನಾ ಪತ್ರ ಬಂದಿತ್ರಿ. ಆಕಿಗೆ ಕೊಡ್ತೀನಿ."

"ಹಂಗಾರ ಇಬ್ಬರು. ಇಬ್ಬರಿಗೆ ಇನ್ನೂರು ಸಾಕಾಗಬೇಕಿತ್ತಲ್ರಿ."

"ಇಬ್ಬರಲ್ರಿ. ಆಯಾನ ತಂಗೀಗೂ ಬಂದೈತಿ."

ಎದುರಿನ ರಸ್ತೆಯಲ್ಲಿ ಯೋಜನೆಯ ಜಾಹೀರಾತಿನ ಬಸ್ಸು ಹೋಯಿತು. ಅನುಪಮಾ ಒಳಗೆ ಹೋಗಿ ಮೂರನೆಯ ಗುಂಡಿ ಒತ್ತುವುದೆಂದು ಆಗಲೇ ನಿರ್ಧರಿಸಿದ್ದಳು. ಹನ್ನೆರಡು ವಾರ, ಆಮೇಲೆ ಮತ್ತೆ ಹನ್ನೆರಡು ವಾರ. ಸೋಮವಾರ ತನ್ನ ಹೆಸರು ಓದಿಸಿಕೊಂಡರಾಯಿತು. ಗುಂಡಿ ಅಂದೂ ಅಲ್ಲೇ ಇತ್ತು.

"ಕಡ್ಡಿ ಹಾಕಾಕ ಯಾರೂ ಬರಂಗಿಲ್ರಿ," ಎಂದಳು. "ನಾ ನೋಡಿಕೋತೀನಿ."

"ಯಂತ್ರ ಮುಂದಿನ ಸಲ ಎಷ್ಟಕ್ಕ ಏರಸ್ತೈತ್ರಿ?"

"ಇನ್ನೂರಾ ಇಪ್ಪತ್ತೈದು."

ಮಾಬೂಬಿ ಮನಸ್ಸಿನಲ್ಲೇ ಭಾಗ ಹಾಕುತ್ತಿದ್ದಿರಬೇಕು. ಅಡುಗೆಯವಳಿಗೆ ಅದು ಕಷ್ಟದ ಲೆಕ್ಕವಲ್ಲ.

"ಸಾಲಂಗಿಲ್ರಿ," ಎಂದಳು.